ಕಯಾಕ್ ಪ್ಲಾಸ್ಟಿಕ್ಕಿಗೆ ಫೋಮ್ ಹಿಡಿಸುವುದು

ಕಯಾಕ್ ಎಂದರೆ ಸಾಮಾನ್ಯವಾಗಿ ಒಬ್ಬರೇ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಕೂತವರ ಸೊಂಟ ಅಲುಗಾಡದಂತೆ ಅದರ ಒಳಮೈಗೆ ಫೋಮ್ ಅಂಟಿಸುತ್ತೇವೆ. ಕಾಳಿಯಂಥ ಬಂಡೆಗಲ್ಲಿನ ನದಿಗೆ ಇಳಿಸುವ ಕಯಾಕ್‌ಗಳ ಮೈ ಪಾಲಿಎಥಿಲೀನ್, ತಾರಸಿಯ ಮೇಲಿನ ಕಪ್ಪು ನೀರಿನ ಟ್ಯಾಂಕಿನದೇ ಜಾತಿ. ಇದಕ್ಕೆ ಯಾವ ಅಂಟೂ ಸುಲಭಕ್ಕೆ ಹಿಡಿಯದು. ಎಪಾಕ್ಸಿ ಅಂಟು ಒಣಗಿ ಗಟ್ಟಿಯಾಗಿ, ದೋಣಿ ಬಳುಕಿದ ಕೂಡಲೇ ಹಪ್ಪಳದಂತೆ ಎದ್ದುಬರುತ್ತದೆ. ನಾನು ಹಚ್ಚುವುದು ಸನ್ಮೈಕಾಕ್ಕೂ ಚಪ್ಪಲಿಗೂ ಬಳಸುವ ಹಳದಿ ರಬ್ಬರ್ ಸೊಲ್ಯೂಷನ್. ಒಣಗಿದ ಮೇಲೂ ಅದು ಬಾಗುತ್ತದೆ.

ಫೋಮ್ ನೀರು ಕುಡಿಯಬಾರದು. 10 ಮಿ.ಮೀ. ಇ.ವಿ.ಎ. ಎಂಬ, ನೀರು ಹೀರದ ಫೋಮ್ ಶೀಟ್ ತಂದು ಪದರದ ಮೇಲೆ ಪದರ ಅಂಟಿಸಿ ದಪ್ಪ ಮಾಡಿಕೊಳ್ಳುತ್ತೇನೆ. ಸೋಫಾ ಸ್ಪಂಜು ನೀರು ಹೀರುತ್ತದೆ. ಥರ್ಮಾಕೋಲ್ ಈ ಸೊಲ್ಯೂಷನ್ ತಾಗಿದರೆ ಕರಗುತ್ತದೆ. ನೀರಿಗಿಳಿಯುವ ಬಟ್ಟೆಯಲ್ಲೇ ಕೂತು, ಫೋಮನ್ನು ಟೇಪಿನಲ್ಲಿ ನಿಲ್ಲಿಸಿ ಅಳತೆ ನೋಡಬೇಕು. ಸೊಂಟ ಅಲುಗಾಡಬಾರದು, ಆದರೆ ದೋಣಿ ಮಗುಚಿದರೆ ಸಲೀಸಾಗಿ ಜಾರಿ ಹೊರಬರುವಂತಿರಬೇಕು. ಅನುಮಾನವಿದ್ದರೆ ಒಂದು ಪದರ ಕಡಿಮೆಯೇ ಇರಲಿ.

ಕೆಲಸದ ಮುಕ್ಕಾಲು ಪಾಲು ಪ್ಲಾಸ್ಟಿಕ್ಕನ್ನು ಸಿದ್ಧಮಾಡುವುದರಲ್ಲಿದೆ. ಸೋಪಿನಲ್ಲಿ ತೊಳೆದು ಒಣಗಿಸಿ, 80ನೇ ನಂಬರಿನ ಉಪ್ಪುಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸುತ್ತೇನೆ. ಅದು ಪೂರ್ತಿ ಆರಿದ ಮೇಲೆ ಗ್ಯಾಸ್ ಟಾರ್ಚಿನ ನೀಲಿ ಉರಿಯ ತುದಿಯನ್ನು ಎಲ್ಲೂ ನಿಲ್ಲಿಸದೆ, ಗೋಡೆಗೆ ಬ್ರಷ್ ಎಳೆದಂತೆ ಸರಸರನೆ ಹಾಯಿಸಬೇಕು. ಮೇಲ್ಮೈ ಮಿನುಗಿತೆಂದರೆ ಕರಗಲು ಶುರುವಾಗಿದೆ, ಅಷ್ಟಾಗಬಾರದು. ಆರಿದ ಮೇಲೆ ನೀರು ಚಿಮುಕಿಸಿ ನೋಡಿ: ಕೆಸುವಿನೆಲೆಯ ಮೇಲಿನ ಹನಿಯಂತೆ ಗುಂಡಾಗಿ ನಿಂತರೆ ಇನ್ನೊಮ್ಮೆ ಹಾಯಿಸಿ, ತೆಳ್ಳಗೆ ಹರಡಿಕೊಂಡರೆ ಸಾಕು. ಟಾರ್ಚನ್ನು ದೂರ ಇಟ್ಟ ಮೇಲಷ್ಟೇ ಅಂಟಿನ ಡಬ್ಬಿ ತೆರೆಯಬೇಕು. ಅದರ ಆವಿಗೆ ಬೆಂಕಿ ಹತ್ತುತ್ತದೆ, ದೋಣಿಯೊಳಗೆ ತಲೆ ಹಾಕಿ ಉಸಿರಾಡಿದರೆ ತಲೆ ಸುತ್ತುತ್ತದೆ. ಅಂಗಳದಲ್ಲೇ ಮಾಡಿ.

ಫೋಮಿನ ನುಣುಪು ಮುಖವನ್ನೂ ಉಜ್ಜಬೇಕು. ಫೋಮಿಗೆ ಎರಡು ಕೋಟ್, ಪ್ಲಾಸ್ಟಿಕ್ಕಿಗೆ ಒಂದು, ಎಲ್ಲವೂ ತೆಳುವಾಗಿ. 10–15 ನಿಮಿಷ ಬಿಟ್ಟು ಬೆರಳಿಟ್ಟರೆ ಅಂಟಂಟು ಅನ್ನಿಸಬೇಕು, ಬೆರಳಿಗೆ ಮೆತ್ತಬಾರದು. ಎರಡೂ ಮುಖ ತಾಗಿದ ಮೇಲೆ ಜರುಗಿಸಲಾಗದು. ಅದಕ್ಕೇ ನಡುವೆ ಬಟರ್ ಪೇಪರ್ ಇಟ್ಟು, ಒಂದು ಅಂಚು ಕೂರಿಸಿ, ಕಾಗದವನ್ನು ನಿಧಾನವಾಗಿ ಎಳೆದುಕೊಳ್ಳುತ್ತೇನೆ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಬಲವಾಗಿ ಒತ್ತಿ, ಒಂದು ದಿನ ಪೂರ್ತಿ ಮುಟ್ಟುವುದಿಲ್ಲ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕಣ್ಣಿಗೆ ಕಾಣದ ಪೊರೆಯಾಗಿ ಕೂರುತ್ತದೆ, ಅಂಟು ಸರಿಯಾಗಿ ಹಿಡಿಯದು.

ಕಿತ್ತುಬಂದ ತುಂಡನ್ನು ಎಸೆಯುವ ಮೊದಲು ತಿರುಗಿಸಿ ನೋಡಿ. ಹಳದಿಯೆಲ್ಲ ಫೋಮಿನಲ್ಲೇ ಉಳಿದು ಪ್ಲಾಸ್ಟಿಕ್ ಬೋಳಾಗಿದ್ದರೆ ಉಜ್ಜಿದ್ದು ಅಥವಾ ಉರಿ ಹಾಯಿಸಿದ್ದು ಸಾಲದು. ಎರಡೂ ಕಡೆ ಹಳದಿ ಇದ್ದರೆ ಅಂಟು ಅತಿಯಾಗಿ ಒಣಗಿತ್ತು, ಇಲ್ಲವೇ ತೇವ ಕೂತಿತ್ತು. ಅಂಟು ಬಿಡದೆ ಫೋಮೇ ಹರಿದಿದ್ದರೆ ಅಂಟಿಸಿದ್ದರಲ್ಲಿ ತಪ್ಪಿಲ್ಲ.