ಕಟ್ಟೆ ಬಿಟ್ಟು ಅಳೆದ ಮನೆ

ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಹಳೆಯ ಮನೆಗೆ ಇ-ಖಾತಾ, ಅಂದರೆ ಆಸ್ತಿಯ ಗಣಕೀಕೃತ ಖಾತೆ, ಮಾಡಿಸಲು ಹೊರಟಾಗ ನನ್ನ ಕೈಯಲ್ಲಿದ್ದುದು ಮೂರೇ ಕಾಗದ: ತೆರಿಗೆ ರಸೀದಿಗಳ ಒಂದು ಕಟ್ಟು, ಅಪ್ಪನ ಮರಣ ಪ್ರಮಾಣಪತ್ರ ಮತ್ತು ಮಡಿಕೆಗಳಲ್ಲಿ ಹರಿದುಹೋಗಿದ್ದ ಅಜ್ಜನ ಖರೀದಿ ಪತ್ರ. ಅದು ನಿಜಾಮರ ಕಾಲದ್ದು, ಪೂರ್ತಿ ಉರ್ದುವಿನಲ್ಲಿ.

ಆಸ್ತಿಯ ಮಾರಾಟ, ಸಾಲಗಳ ನೋಂದಣಿ ತೋರಿಸುವ ಋಣಭಾರ ಪ್ರಮಾಣಪತ್ರ ಸುಲಭವಾಗಿ ಸಿಕ್ಕಿತು, ಆದರೆ ಉಪಯೋಗಕ್ಕೆ ಬರಲಿಲ್ಲ. ಗಣಕದಲ್ಲಿ 2004ರ ಏಪ್ರಿಲ್‌ನಿಂದ ಈಚಿನ ನೋಂದಣಿಗಳು ಮಾತ್ರ ಇದ್ದವು. ನಮ್ಮ ಮನೆ ಅಜ್ಜ ಕೊಂಡ ಮೇಲೆ ಮಾರಾಟವೇ ಆಗಿಲ್ಲ. ಹೀಗಾಗಿ ಎಲ್ಲವೂ ಆ ಉರ್ದು ಪತ್ರದ ಮೇಲೆ ನಿಂತಿತು.

ಉರ್ದು ಓದಬಲ್ಲ ಇಬ್ಬರು ಗೆಳೆಯರಿಗೆ ತೋರಿಸಿದೆ. ಇಬ್ಬರೂ ಕೈಚೆಲ್ಲಿದರು. ಹಳೆಯ ದಸ್ತಾವೇಜುಗಳನ್ನು ಶಿಕಸ್ತಾ ಎಂಬ ಓಟದ ಬರಹದಲ್ಲಿ ಬರೆಯುತ್ತಿದ್ದರಂತೆ. ಪುಸ್ತಕದ ಉರ್ದು ಕಲಿತವರಿಗೆ ಅದು ದಕ್ಕುವುದಿಲ್ಲ. ಕೊನೆಗೆ ಮೋಮಿನಪುರದ ನಿವೃತ್ತ ಮಾಸ್ತರರೊಬ್ಬರು ಭೂತಗನ್ನಡಿ ಹಿಡಿದು ಎರಡು ಸಂಜೆ ಕುಳಿತು ಓದಿಕೊಟ್ಟರು. ಇಸವಿ ಫಸಲಿ, ಅಂದರೆ ನಿಜಾಮರ ಕಾಲದ ಕಂದಾಯ ವರ್ಷ, 1352 ಎಂದಿತ್ತು. 590 ಕೂಡಿಸಿದರೆ ಕ್ರಿ.ಶ. 1942. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದುದರಿಂದ 1942-43 ಎಂದುಕೊಳ್ಳಬೇಕು. ಬೆಲೆ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಯಲ್ಲಿ, ಅಳತೆ 120 ಗಜ. ಚದರ ಗಜವೊಂದಕ್ಕೆ 9 ಚದರ ಅಡಿ, ಅಂದರೆ 1,080.

ರಸೀದಿಯಲ್ಲಿದ್ದುದು 1,161.

‘ಹುದೂದೆ ಅರ್ಬಾ’ ಎಂಬಲ್ಲಿ ಮಾಸ್ತರರು ನಿಂತರು. ಚೆಕ್ಕುಬಂದಿ. ಬೀದಿಯ ಹೆಸರಿಲ್ಲ, ಮನೆ ಸಂಖ್ಯೆ ಇಲ್ಲ. ಉತ್ತರಕ್ಕೆ ಬಣಗಾರರ ಮನೆ, ದಕ್ಷಿಣಕ್ಕೆ ಪಾಲಿನ ಬಾವಿ, ಪಶ್ಚಿಮಕ್ಕೆ ದನದ ಕೊಟ್ಟಿಗೆ, ಪೂರ್ವಕ್ಕೆ ‘ಶಾರೆ ಆಮ್’. ಸಾರ್ವಜನಿಕ ರಸ್ತೆ ಎಂದರ್ಥ. ಓಣಿಯ ಹಿರಿಯರೊಬ್ಬರನ್ನು ಕರೆದುಕೊಂಡು ಮನೆಯ ಸುತ್ತ ನಡೆದೆ. ಬಣಗಾರರು ಊರು ಬಿಟ್ಟು ನಲವತ್ತು ವರ್ಷವಾಗಿದೆ. ಬಾವಿಯ ಮೇಲೆ ಈಗ ಝೆರಾಕ್ಸ್ ಅಂಗಡಿ. ‘ಇಲ್ಲೇ ಗಡಗಡೆ ಇತ್ತು ನೋಡು’ ಎಂದು ಅವರು ತೋರಿಸಿದ ಜಾಗದಲ್ಲಿ ಯಂತ್ರ ಗುಂಯ್‌ಗುಡುತ್ತಿತ್ತು. ಕಾಗದ ಎಷ್ಟು ಗಟ್ಟಿಯಿದ್ದರೂ ಹೀಗೆ ಗುರುತು ಹಿಡಿದು ಹೇಳುವವರಿರುವಾಗಲೇ ಈ ಕೆಲಸ ಮುಗಿಸಬೇಕು. ಅವರು ಹೇಳಿದ್ದನ್ನೆಲ್ಲ ಅಲ್ಲೇ ನಿಂತು ಬರೆದುಕೊಂಡೆ.

ಮರುದಿನ ಟೇಪು ಹಿಡಿದೆ. ಗೋಡೆಯಿಂದ ಗೋಡೆಗೆ ಅಗಲ 27 ಅಡಿ, ಉದ್ದ 40. ಲೆಕ್ಕ ಸರಿಹೋಯಿತು. ಹೆಚ್ಚಿನ 81 ಚದರ ಅಡಿ ಬೀದಿಯಲ್ಲಿತ್ತು: ಬಾಗಿಲ ಮುಂದೆ ಶಹಾಬಾದ್ ಕಲ್ಲು ಹಾಸಿದ, ಮೂರು ಅಡಿ ಅಗಲದ ಕಟ್ಟೆ. ಅಪ್ಪ ಅದನ್ನೂ ಸೇರಿಸಿ ಅಳೆದು, ಅಷ್ಟು ವರ್ಷ ಬೀದಿಗೂ ತೆರಿಗೆ ಕಟ್ಟಿದ್ದರು!

ನಕ್ಷೆಯಲ್ಲಿ ಕಟ್ಟೆ ಬಿಡಬೇಕೆಂದಾಗ ಮನೆಯಲ್ಲಿ ಜಗಳವಾಯಿತು. ‘ನಮ್ಮಪ್ಪ ಕುಳಿತು ಪಂಚಾಯಿತಿ ಮಾಡಿದ ಕಟ್ಟೆ, ಅದನ್ನು ಬೀದಿಗೆ ಬರೆದುಕೊಡಲು ನೀನ್ಯಾರು?’ ಎಂದರು ಸೋದರತ್ತೆ. ಕೇಳುವ ಹಕ್ಕು ಅವರಿಗಿತ್ತು. ಅಜ್ಜ ಸ್ವಂತ ದುಡಿಮೆಯಿಂದ ಕೊಂಡ ಮನೆ ಇದು. ವಿಲ್ ಬರೆಯದೆ ಅವರು ತೀರಿಕೊಂಡದ್ದು 1956ರ ಉತ್ತರಾಧಿಕಾರ ಕಾಯ್ದೆ ಬಂದ ಎಷ್ಟೋ ವರ್ಷಗಳ ಮೇಲೆ. ಮಗಳಿಗೂ ಮಗನಷ್ಟೇ ಪಾಲು. ಮನೆಯಲ್ಲಿ ಯಾರೂ ಆ ಮಾತೆತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಅವರಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊ ಎಂದು ಬಂಧುಗಳು ಸಲಹೆ ಕೊಟ್ಟರು. ನನಗೆ ಮನಸ್ಸು ಬರಲಿಲ್ಲ. ವಂಶವೃಕ್ಷದಲ್ಲಿ ಅವರ ಹೆಸರು ಇತ್ತು, ಅರ್ಜಿಯಲ್ಲೂ ಸೇರಿಸಿದೆ.

ಸಹಿ ಹಾಕುವ ಮುನ್ನ ಅತ್ತೆ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ‘ಕಟ್ಟೆ ಒಡೆಯುವುದಿಲ್ಲವಷ್ಟೆ?’ ಎಂದರು. ಸದ್ಯಕ್ಕಿಲ್ಲ, ರಸ್ತೆ ಅಗಲ ಮಾಡುವವರು ಬಂದರೆ ಪರಿಹಾರ ಕೇಳಲಾಗದು ಎಂದೆ. ಸಹಿ ಹಾಕಿ, ಮೊರದಲ್ಲಿ ತೊಗರಿ ತುಂಬಿಕೊಂಡು ಕಟ್ಟೆಗೆ ಹೋಗಿ ಕುಳಿತರು.