ಫಾಲ್ಟ್ ಹುಡುಕುವ ಕೆಲಸ ಸ್ಕ್ರಿಪ್ಟ್‌ಗೆ ಒಪ್ಪಿಸಿದ್ದು

ಹೈ ವೋಲ್ಟೇಜ್ ವಿದ್ಯುತ್ ಲೈನ್ ಎಲ್ಲೋ ಫಾಲ್ಟ್ (ಶಾರ್ಟ್) ಆಗಿ ಟ್ರಿಪ್ ಆದಾಗ, ಅಂದರೆ ತಾನೇ ಕಡಿತಗೊಂಡಾಗ, ಪ್ರೊಟೆಕ್ಷನ್‌ನವರಿಗೆ (ಲೈನಿನ ರಕ್ಷಣಾ ಉಪಕರಣ ನೋಡಿಕೊಳ್ಳುವವರಿಗೆ) ಬರುವ ಮೊದಲ ಪ್ರಶ್ನೆ, "ಎಷ್ಟನೇ ಟವರ್?" ಫಾಲ್ಟ್ ಗುರುತಿಸಿ ಲೈನ್ ಕಡಿಯಲು ಹೇಳುವ ಡಿಸ್ಟೆನ್ಸ್ ರಿಲೇ ತಾನೇ ಒಂದು ಕಿಲೋಮೀಟರ್ ಲೆಕ್ಕ ತೋರಿಸುತ್ತದೆ, ನಿಜ. ಆದರೆ ಅದು ಒಂದೇ ತುದಿಯಿಂದ ನೋಡಿದ ಲೆಕ್ಕ. ದೂರ ಅಳೆಯುವುದು ರಿಯಾಕ್ಟೆನ್ಸಿನಿಂದ, ಅಂದರೆ ಲೈನಿನ ಉದ್ದದ ಜೊತೆ ಬೆಳೆಯುವ ಎ.ಸಿ. ತಡೆಯಿಂದ. 220 ಕೆ.ವಿ. ಲೈನಿನಲ್ಲಿ ಅದು ಕಿಲೋಮೀಟರಿಗೆ ಸುಮಾರು 0.4 ಓಮ್. ಮರ ತಾಗಿದ ಫಾಲ್ಟಿನಲ್ಲಿ ರೆಸಿಸ್ಟೆನ್ಸೇ ಹತ್ತಾರು ಓಮ್ ಇರಬಹುದು. ಎರಡು ಕಡೆಯಿಂದ ಬರುವ ಕರೆಂಟಿನ ಕೋನ ಬೇರೆ ಬೇರೆ ಇದ್ದರೆ ಆ ರೆಸಿಸ್ಟೆನ್ಸಿನ ಒಂದು ಪಾಲು ರಿಯಾಕ್ಟೆನ್ಸ್ ಥರ ಕಾಣುತ್ತದೆ. ಅಲ್ಲಿಗೆ ದೂರದ ಲೆಕ್ಕ ಕೆಟ್ಟಿತು. ಪೆಟ್ರೋಲಿಂಗ್‌ನವರು ರಾತ್ರಿ ಹೊತ್ತು ಸುಮ್ನೆ ಬೇರೆ ಗುಡ್ಡ ಹತ್ತುತ್ತಾರೆ.

ಅದಕ್ಕೇ ಎರಡೂ ತುದಿಯ ದಾಖಲೆ ಸೇರಿಸಿ ಲೆಕ್ಕ ಹಾಕುವ ದಾರಿ ಹಿಡಿದೆ. ಟ್ರಿಪ್ ಆದ ಕೂಡಲೇ ಸರ್ವರ್ ಎರಡೂ ಸಬ್‌ಸ್ಟೇಷನ್ನಿನ ರಿಲೇಗಳಿಂದ ಕಾಮ್‌ಟ್ರೇಡ್ ಫೈಲ್ (ಫಾಲ್ಟ್ ಹೊತ್ತಿನ ವೋಲ್ಟೇಜ್, ಕರೆಂಟಿನ ದಾಖಲೆ) ಎಳೆದುಕೊಳ್ಳುತ್ತದೆ. ಪೈಥಾನ್ ಸ್ಕ್ರಿಪ್ಟ್ ಅದರಿಂದ ನೆಗೆಟಿವ್ ಸೀಕ್ವೆನ್ಸ್ (ಮೂರು ಫೇಸ್‌ಗಳ ಸಮತೋಲ ತಪ್ಪಿದಾಗ ಕಾಣಿಸಿಕೊಳ್ಳುವ ಭಾಗ) ವೋಲ್ಟೇಜ್, ಕರೆಂಟ್ ತೆಗೆಯುತ್ತದೆ. ಫಾಲ್ಟ್ ಆದ ಜಾಗದ ವೋಲ್ಟೇಜನ್ನು ಯಾವ ತುದಿಯಿಂದ ಲೆಕ್ಕ ಹಾಕಿದರೂ ಒಂದೇ ಬರಬೇಕು, ಅಲ್ವಾ? ಎರಡೂ ಸಮವಾಗುವ ದೂರವೇ ಉತ್ತರ. ಫಾಲ್ಟ್ ರೆಸಿಸ್ಟೆನ್ಸ್ ಗೊತ್ತಿರಬೇಕಿಲ್ಲ. ಮಣ್ಣಿನ ಗುಣಕ್ಕೆ ತಕ್ಕಂತೆ ಬದಲಾಗುವ ಜೀರೋ ಸೀಕ್ವೆನ್ಸ್ ಇಂಪೀಡೆನ್ಸಿನ (ನೆಲದ ಮೂಲಕ ಮರಳುವ ಕರೆಂಟಿಗಿರುವ ತಡೆಯ) ಗೋಜೂ ಇಲ್ಲ. ಕೋನ ಬಿಟ್ಟು ಬರೀ ಪ್ರಮಾಣ ಹೋಲಿಸಿದರೆ ಎರಡು ಕಡೆಯ ಗಡಿಯಾರ ಕರಾರುವಾಕ್ಕಾಗಿ ಹೊಂದಬೇಕೆಂದೂ ಇಲ್ಲ. ಮೂರೂ ಫೇಸ್ ಸಮನಾಗಿ ಶಾರ್ಟ್ ಆದರೆ ಮಾತ್ರ ನೆಗೆಟಿವ್ ಸೀಕ್ವೆನ್ಸ್ ಸಿಗುವುದಿಲ್ಲ, ಆಗ ಪಾಸಿಟಿವ್ ಸೀಕ್ವೆನ್ಸ್ (ಸಮತೋಲದ ಭಾಗ) ಬಳಸಬೇಕು.

ಸೂತ್ರ ಅರ್ಧ ಪುಟದ್ದು. ತಲೆ ತಿಂದದ್ದು ಫೈಲಿನ ಯಾವ ತುಂಡನ್ನು ಓದಬೇಕು ಅನ್ನುವುದು. 50 ಹರ್ಟ್ಸಿನಲ್ಲಿ ಒಂದು ಸೈಕಲ್ ಅಂದರೆ 20 ಮಿಲಿಸೆಕೆಂಡ್. ಮೊದಲ ಸೈಕಲಿನಲ್ಲಿ ಡಿ.ಸಿ. ಆಫ್‌ಸೆಟ್ ಸೇರಿಕೊಂಡು ಕರೆಂಟಿನ ಅಲೆ ಸೊನ್ನೆ ಗೆರೆ ಬಿಟ್ಟು ಒಂದು ಪಕ್ಕಕ್ಕೆ ವಾಲಿರುತ್ತದೆ. ಇನ್ನೆರಡು ಮೂರು ಸೈಕಲ್ ಆಗುವಷ್ಟರಲ್ಲಿ ಲೈನ್ ಕಡಿಯುವ ಸ್ವಿಚ್ಚಾದ ಬ್ರೇಕರ್ ಬಾಯಿ ಬಿಡುತ್ತದೆ. ನಂಬಬಹುದಾದದ್ದು ನಡುವಿನ ಒಂದೆರಡು ಸೈಕಲ್ ಅಷ್ಟೇ. ಸ್ಕ್ರಿಪ್ಟ್ ಒಂದು ಸೈಕಲ್ ಅಗಲದ ಕಿಂಡಿಯನ್ನು ಸ್ಯಾಂಪಲ್ ಸ್ಯಾಂಪಲ್ ಜರುಗಿಸುತ್ತಾ ಹೋಗುತ್ತದೆ. ದೂರ ಎಲ್ಲಿ ಕಡಿಮೆ ಅಲುಗಾಡುತ್ತದೋ ಅಲ್ಲಿಯ ಉತ್ತರ ಇಟ್ಟುಕೊಳ್ಳುತ್ತದೆ.

ಸಿ.ಟಿ. ರೇಶಿಯೋ, ಅಂದರೆ ಲೈನಿನ ದೊಡ್ಡ ಕರೆಂಟನ್ನು ರಿಲೇಗೆ ತಕ್ಕಂತೆ ಇಳಿಸುವ ಟ್ರಾನ್ಸ್‌ಫಾರ್ಮರಿನ ಅನುಪಾತ, ಇನ್ನೊಂದು ಕಿರಿಕಿರಿ. ಕಾಮ್‌ಟ್ರೇಡ್ ಮಾನದಂಡದ 1999ರ ಆವೃತ್ತಿಯಲ್ಲಿ ಅಳತೆ ಪ್ರೈಮರಿಯೋ (ಲೈನಿನದೋ) ಸೆಕೆಂಡರಿಯೋ (ಇಳಿಸಿದ್ದೋ) ಅಂತ ಫೈಲೇ ಹೇಳುತ್ತದೆ. 1991ರದ್ದು ಹೇಳುವುದಿಲ್ಲ. ಹಳೆ ರಿಲೇಗಳಿಗೆ ಪ್ರತ್ಯೇಕ ಪಟ್ಟಿ ಇಡದೆ ಗತಿಯಿಲ್ಲ.

ಇನ್ನು ಕಿಲೋಮೀಟರನ್ನು ಟವರ್ ನಂಬರ್ ಮಾಡುವುದು. ಸರಾಸರಿ ಸ್ಪ್ಯಾನಿನಿಂದ (ಎರಡು ಟವರ್ ನಡುವಿನ ದೂರದಿಂದ) ಭಾಗಿಸುವವರಿದ್ದಾರೆ, ದಯವಿಟ್ಟು ಬೇಡ. ನದಿ ದಾಟುವ ಕಡೆ ಸ್ಪ್ಯಾನ್ ಎಷ್ಟೋ ಜಾಸ್ತಿ ಇರುತ್ತದೆ. ಟವರ್ ಶೆಡ್ಯೂಲಿನ ಸ್ಪ್ಯಾನುಗಳನ್ನು ಒಂದೊಂದಾಗಿ ಕೂಡಿಸಿದ ಟೇಬಲ್ಲೇ ಬೇಕು. ಲೈನನ್ನು ನಡುವೆ ಕತ್ತರಿಸಿ ಹೊಸ ಸಬ್‌ಸ್ಟೇಷನ್‌ಗೆ ತಿರುಗಿಸಿದರೆ ಟೇಬಲ್, ಇಂಪೀಡೆನ್ಸ್ ಎರಡನ್ನೂ ಅವತ್ತೇ ಬದಲಿಸಬೇಕು.

ಎಸ್ಸೆಮ್ಮೆಸ್ಸಿನಲ್ಲಿ ಒಂದೇ ಟವರ್ ಕಳಿಸುವುದಿಲ್ಲ. "112ರಿಂದ 116, ಬಿ ಫೇಸ್, ರಿಕ್ಲೋಸ್ ಆಗಿದೆ" ಅಂತ ಹೋಗುತ್ತದೆ. ರಿಕ್ಲೋಸ್ ಆಗಿ, ಅಂದರೆ ಬ್ರೇಕರ್ ತಾನೇ ಮತ್ತೆ ಸೇರಿ, ಲೈನ್ ಉಳಿದುಕೊಂಡಿದೆ ಅಂದರೆ ತಂಡ ತುಂಡಾದ ತಂತಿ ಹುಡುಕುವುದಿಲ್ಲ, ಇನ್ಸುಲೇಟರ್ ಮೇಲೆ ಸುಟ್ಟ ಕಲೆ ಹುಡುಕುತ್ತದೆ.

ಸೀರೀಸ್ ಕೆಪಾಸಿಟರ್ (ಲೈನಿನ ರಿಯಾಕ್ಟೆನ್ಸ್ ತಗ್ಗಿಸಲು ಸೇರಿಸುವ ಸಾಧನ) ಇರುವ ಲೈನುಗಳನ್ನು ಇದರಿಂದ ಹೊರಗಿಟ್ಟಿದ್ದೇನೆ. ಅಲ್ಲಿ ಇಂಪೀಡೆನ್ಸ್ ಲೆಕ್ಕ ಸುಲಭಕ್ಕೆ ಬಗ್ಗುವುದಿಲ್ಲ, ಫಾಲ್ಟಿನಿಂದ ಹೊರಟ ಅಲೆ ಎರಡೂ ತುದಿ ತಲುಪಿದ ಸಮಯ ನೋಡುವ ಟ್ರಾವೆಲಿಂಗ್ ವೇವ್ ಉಪಕರಣವೇ ಸರಿ. ಅದಕ್ಕೆ ಮಾತ್ರ ಜಿ.ಪಿ.ಎಸ್. ಸಮಯ ಚೊಕ್ಕ ಇರಬೇಕು. ಎರಡು ತುದಿಯ ನಡುವೆ 1 ಮೈಕ್ರೋಸೆಕೆಂಡ್ ತಪ್ಪಿದರೆ ಜಾಗ ಸುಮಾರು 150 ಮೀಟರ್ ಸರಿಯುತ್ತದೆ. ಸದ್ಯಕ್ಕೆ ಅಂಥ ಲೈನಿನ ಫೈಲ್ ಬಂದರೆ ಸ್ಕ್ರಿಪ್ಟ್ ಲೆಕ್ಕ ಹಾಕದೆ ಸೀದಾ ಡ್ಯೂಟಿ ಎಂಜಿನಿಯರ್‌ಗೆ ಕಳಿಸುತ್ತದೆ.