ನರಸಾಪುರದ ಬಾಡಿಗೆ ಕೋಣೆಯಲ್ಲಿ ಕೋಲಾರದ ಮಂಡಿ

ನರಸಾಪುರದ ಕಾರ್ಖಾನೆಗಳಿಗೆ ಬರುವ ಬಿಹಾರ, ಒಡಿಶಾದ ಹುಡುಗರಿಗೆ ಸಂಜೆ ಹೊತ್ತು ಮಾತಾಡುವ ಕನ್ನಡ ಕಲಿಸುತ್ತೇನೆ. ಫೋನ್ ಒಳಗಿಟ್ಟು ಕಣ್ಣಿಗೆ ಹಿಡಿದರೆ ಆ ಜಾಗದಲ್ಲೇ ನಿಂತಂತೆ ಸುತ್ತಲೂ ಕಾಣಿಸುವ ವಿಆರ್ ಡಬ್ಬಿ ತಂದಾಗ ಜೊತೆಯ ಮೇಷ್ಟ್ರುಗಳು ನಕ್ಕರು. "ಬಸ್ ಹತ್ತಿದರೆ ನಿಜವಾದ ಕೋಲಾರವೇ ಸಿಗುತ್ತಲ್ಲ, ಇದ್ಯಾಕ್ ಸಾ?" ಅಂದರು. ಅದೂ ಆಗಿತ್ತು. ಟೊಮೆಟೊ ಮಂಡಿಯಲ್ಲಿ ನಮ್ಮ ಹುಡುಗ ತಡವರಿಸಿದ ಕೂಡಲೇ ಎದುರಿನವರು ಹಿಂದಿಗೆ ಹೊರಳುತ್ತಾರೆ, ಇಲ್ಲದಿದ್ದರೆ ತೆಲುಗಿಗೆ. ಇನ್ನು ಕನ್ನಡ ಬಾಯಿಗೆ ಬರುವುದು ಯಾವಾಗ?

ದುಡ್ಡು ಮೊದಲು ಕರಗಿದ್ದು ಫೋನಿಗೆ. 2,500 ರೂಪಾಯಿ ಆಸುಪಾಸಿನ ಹಳೇ ಫೋನು ನಾಲ್ಕೈದು ತಂದೆ. ಎರಡರಲ್ಲಿ ಫೋನ್ ಎತ್ತ ತಿರುಗಿತೆಂದು ಗುರುತಿಸುವ ಗೈರೋಸ್ಕೋಪೇ ಇಲ್ಲ, ತಲೆ ತಿರುಗಿಸಿದರೂ ಚಿತ್ರ ಕದಲದು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಈಗ ಅಂಗಡಿಯಲ್ಲೇ ಸುತ್ತಲೂ ಕಾಣುವ 360 ಡಿಗ್ರಿ ಚಿತ್ರ ತೆರೆದು, ಫೋನ್ ಹಿಡಿದು ಒಂದು ಸುತ್ತು ತಿರುಗಿ ನೋಡಿಯೇ ಜೇಬಿಗೆ ಕೈ ಹಾಕುವುದು. ಡಬ್ಬಿ ಗೂಗಲ್ 2014ರಲ್ಲಿ ತಂದ ಕಾರ್ಡ್‌ಬೋರ್ಡ್ ಮಾದರಿಯದು. ಅವರು 2021ರಲ್ಲಿ ಮಾರಾಟ ನಿಲ್ಲಿಸಿದರೂ ಅದೇ ನಮೂನೆಯ ಡಬ್ಬಿ 150 ರೂಪಾಯಿಗೆ ಸಿಕ್ಕಿತು. ವಾರದೊಳಗೆ ಹಣೆ ಬೆವರಿಗೆ ನೆನೆದ ಹಪ್ಪಳದಂತಾಯಿತು. ಅಂಚಿಗೆ ರೆಕ್ಸಿನ್ ಅಂಟಿಸಿದ ಮೇಲೆ ಬಾಳಿಕೆ ಬಂತು.

ಮೊದಲು ವಿಡಿಯೊ ತೋರಿಸಿದೆ. ಎಲ್ಲರೂ "ವಾಹ್" ಅಂದರು, ಕನ್ನಡ ಮಾತ್ರ ಒಂದಕ್ಷರ ಹೊರಡಲಿಲ್ಲ. ಕ್ಯಾಮೆರಾ ಹಿಡಿದು ನಡೆದ ಕಡೆ ಇಬ್ಬರಿಗೆ ತಲೆ ಸುತ್ತಿತು, ಒಬ್ಬ ವಾಂತಿಯೇ ಮಾಡಿಕೊಂಡ. ಆಮೇಲೆ ಮದುವೆ ಫೋಟೋ ತೆಗೆಯುವವರೊಬ್ಬರಿಂದ 360 ಕ್ಯಾಮೆರಾ ದಿನಕ್ಕೆ 1,500ರಂತೆ ಬಾಡಿಗೆಗೆ ತಂದು, ಹರಾಜಿನ ಹೊತ್ತಲ್ಲಿ ಬಾಕ್ಸುಗಳ ನಡುವೆ ಸ್ಟ್ಯಾಂಡ್ ನಿಲ್ಲಿಸಿ ಬರೀ ಸ್ಥಿರಚಿತ್ರ ತೆಗೆದೆ. ದೊಡ್ಡ ಫೈಲು ಹಳೇ ಫೋನಲ್ಲಿ ತೆರೆಯದೆ ಹ್ಯಾಂಗ್ ಆಗುತ್ತಿತ್ತು. 4096x2048 ಪಿಕ್ಸೆಲ್‌ಗೆ ಇಳಿಸಿದ ಮೇಲೆ ಸಲೀಸು.

ಫಲ ಕೊಟ್ಟಿದ್ದು ಇದು: ಇಬ್ಬರಿಗೆ ಒಂದೇ ಡಬ್ಬಿ. ನೋಡುವವನು ಹೇಳಬೇಕು, ನೋಡದವನು ಕೇಳಿ ಕೇಳಿ ಹಾಳೆಯಲ್ಲಿ ಗುರುತು ಹಾಕಬೇಕು. ತಕ್ಕಡಿ ಎಲ್ಲಿದೆ, ಬಿಳಿ ಶರ್ಟಿನವರ ಎಡಕ್ಕೆ ಏನಿದೆ, ಬಾಕ್ಸು ಎಷ್ಟು ಸಾಲು. ನಾನು ಹಿಂದಿನಿಂದ "ಏನಣ್ಣಾ, ಹದಿನೈದು ಕೆಜಿ ಬಾಕ್ಸು ನಾನೂರು, ಬೇಕಾ?" ಅಂತ ಕೂಗುತ್ತೇನೆ. ಡಬ್ಬಿ ಹಾಕಿಕೊಂಡೇ ತಿರುಗಿ ಚೌಕಾಸಿ ಮಾಡಬೇಕು. ಹಿಂದಿ ಬಂದರೆ ನಾನು ಕಿವುಡ. ಒಂದು ಸರದಿ ಮೂರು ನಿಮಿಷ ದಾಟಿಸುವುದಿಲ್ಲ. ಪ್ರಶ್ನೆಗಳನ್ನು ಯಾವ ಕ್ರಮದಲ್ಲಿ ಎಸೆಯುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡಿನ ಗುಟ್ಟು.

ಶ್ರೀನಿವಾಸಪುರದಲ್ಲಿ ಮನೆಯಲ್ಲಿ ತೆಲುಗಾಡುವ ನೆಂಟರ ಮಕ್ಕಳ ಮೇಲೂ ಪ್ರಯೋಗಿಸಿದೆ, ಡಬ್ಬಿ ಬೇಡವೆಂದು ಬರೀ ಫೋನ್ ಕೊಟ್ಟು. ಮಂಡಿ ಯಾರಿಗೆ ಬೇಕು? ಮೂಲೆಯಲ್ಲಿ ಮಲಗಿದ್ದ ನಾಯಿಯನ್ನು ಹಿಡಿದುಕೊಂಡು ಕನ್ನಡದಲ್ಲಿ ಅರ್ಧ ಗಂಟೆ ಕಥೆ ಕಟ್ಟಿದರು. ಅದನ್ನು ಇನ್ನೂ ಬೆಳೆಸಬೇಕು.

ಒಟ್ಟು ಖರ್ಚು 18,000ದ ಹತ್ತಿರ. ಹೋದ ತಂಡದ ಹತ್ತು ಹನ್ನೆರಡು ಜನರಲ್ಲಿ ಆರೇಳು ಮಂದಿ ಮನೆ ಓನರ್ ಜೊತೆ ಅಡ್ವಾನ್ಸ್ ಚೌಕಾಸಿಯನ್ನು ಕನ್ನಡದಲ್ಲೇ ಮಾಡಿ ಬಂದರು. ನಕ್ಕಿದ್ದ ಮೇಷ್ಟ್ರೊಬ್ಬರು ಈಗ ಡಬ್ಬಿ ಕೇಳುತ್ತಿದ್ದಾರೆ. ದಿನಕ್ಕೆ ನೂರು ರೂಪಾಯಿ ಬಾಡಿಗೆ ಅಂದಿದ್ದೇನೆ, ಫೋನ್ ಅವರದೇ ತರಬೇಕು.